ಅಜ್ಜನ ಜನನಪತ್ರಕ್ಕೆ ಬೆಲೆಯಿದೆ, ಅಜ್ಜಿ ಉಳಿಯುವಂತಿಲ್ಲ: ಬ್ರಿಟನ್ ‘ನಮ್ಮವರು’ ಎನ್ನುವ ಬಗೆ

2025ರ ನವೆಂಬರ್ 20ರಂದು ಬ್ರಿಟನ್ನಿನ ಗೃಹ ಸಚಿವೆ ಶಬಾನಾ ಮಹಮೂದ್ ಒಂದು ಪ್ರಸ್ತಾಪ ಮಂಡಿಸಿದರು. ವಲಸಿಗರಿಗೆ ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕಿಗೆ ಇನ್ನು ಮುಂದೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು ಎಂಬುದು ಅದರ ಸಾರ. ಆರು ದಿನ ಕಳೆದು ಹಣಕಾಸು ಸಚಿವೆ ರೇಚಲ್ ರೀವ್ಸ್ ಬಜೆಟ್ ಓದಿದರು. ಬಡ ಕುಟುಂಬದ ಮೂರನೇ ಮಗುವಿಗೆ ನೆರವು ತಡೆದಿದ್ದ ‘ಎರಡು ಮಕ್ಕಳ ಮಿತಿ’ಯನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ ಘೋಷಿಸಿದರು.

ಮಕ್ಕಳಿರುವ ಮನೆಗಳ ಬಗ್ಗೆ ಒಂದೇ ಸರ್ಕಾರ ಒಂದೇ ವಾರದಲ್ಲಿ ಇಷ್ಟು ಉದಾರಿಯೂ ಅಷ್ಟೇ ಕಠಿಣವೂ ಆಗಿದ್ದು ಹೇಗೆ? ಗೊಂದಲವಾಗುವುದು ಸಹಜ. ಕೆಲಸದ ವೀಸಾ ಮೇಲೆ ಅಲ್ಲಿರುವ ಕನ್ನಡದ ಕುಟುಂಬಗಳ ಮಟ್ಟಿಗಂತೂ ಬಜೆಟ್ಟಿನ ಸುದ್ದಿ ತಮ್ಮದಲ್ಲವೇ ಅಲ್ಲ, ಗೃಹ ಸಚಿವೆಯ ಸುದ್ದಿ ಮಾತ್ರ ನೇರವಾಗಿ ಮನೆಗೇ ತಟ್ಟುವಂಥದ್ದು.

ಎರಡರ ಬೇರೂ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿದೆ. ‘ನಮ್ಮ ಜನ ಯಾರು’ ಎಂಬ ಪ್ರಶ್ನೆಗೆ ಬ್ರಿಟನ್ ಆಗ ಕುಟುಂಬದ ಮೂಲಕ ಉತ್ತರ ಹುಡುಕಿತು. ಯಾವ ಮನೆಗೆ ಹಣ ಕೊಡಬೇಕು ಎಂಬುದು ಒಂದು ಲೆಕ್ಕ, ಯಾವ ಮನೆಯವರನ್ನು ಒಳಗೆ ಬಿಡಬೇಕು ಎಂಬುದು ಇನ್ನೊಂದು. ಆ ಎರಡು ಲೆಕ್ಕಪುಸ್ತಕಗಳನ್ನು ಜೊತೆಗಿಟ್ಟು ಓದಿದರೆ ಇವತ್ತಿನ ಸುದ್ದಿ ಅರ್ಥವಾಗುತ್ತದೆ.

ಒಂದಕ್ಕೊಂದು ಬೆರೆತುಹೋದ ಮೂರು ಹಣ

ಮೊದಲು ಸುದ್ದಿಯನ್ನೇ ಬಿಡಿಸಿಕೊಳ್ಳೋಣ. ಮಕ್ಕಳ ಹೆಸರಿನಲ್ಲಿ ಬ್ರಿಟನ್ ಕೊಡುವ ಹಣ ಒಂದೇ ಬಗೆಯದಲ್ಲ.

ಚೈಲ್ಡ್ ಬೆನಿಫಿಟ್ ಎಂಬುದು 2025–26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ನಂತರದ ಪ್ರತಿ ಮಗುವಿಗೆ 17.25 ಪೌಂಡ್. ಇದಕ್ಕೆ ಎರಡು ಮಕ್ಕಳ ಮಿತಿ ಎಂದೂ ಇರಲಿಲ್ಲ. ಮಿತಿ ಇದ್ದದ್ದು ಯೂನಿವರ್ಸಲ್ ಕ್ರೆಡಿಟ್ ಎಂಬ ಬಡವರ ನೆರವಿನೊಳಗಿನ ಮಕ್ಕಳ ಪಾಲಿಗೆ. 2017ರ ಏಪ್ರಿಲ್ 6ರಿಂದೀಚೆಗೆ ಹುಟ್ಟಿದ ಮೂರನೇ ಮಗುವಿಗೆ ಆ ಪಾಲು ಸಿಗುತ್ತಿರಲಿಲ್ಲ. ವರ್ಷಕ್ಕೆ ಸುಮಾರು 3,500 ಪೌಂಡ್ ಕೈತಪ್ಪುತ್ತಿತ್ತು. ಬಲಾತ್ಕಾರದಿಂದ ಹುಟ್ಟಿದ ಮಗುವಿಗೆ ವಿನಾಯಿತಿ ಇತ್ತು ನಿಜ, ಆದರೆ ಅದನ್ನು ಪಡೆಯಲು ತಾಯಿ ಆ ಸಂಗತಿಯನ್ನು ಅರ್ಜಿಯಲ್ಲಿ ಹೇಳಿಕೊಳ್ಳಬೇಕಿತ್ತು. ಈ ನಿಯಮದಲ್ಲಿ ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿರಲಿಲ್ಲ.

ಮೂರನೆಯದು ಒಟ್ಟು ನೆರವಿನ ಮೇಲಿನ ಕಟ್ಟು. ಕುಟುಂಬವೊಂದಕ್ಕೆ ಲಂಡನ್ನಿನಲ್ಲಿ ವರ್ಷಕ್ಕೆ 25,323 ಪೌಂಡ್, ಹೊರಗಡೆ 22,020 ಪೌಂಡ್ ಮೀರುವಂತಿಲ್ಲ. ಬಜೆಟ್ ಇದನ್ನು ಮುಟ್ಟಲಿಲ್ಲ. ಹಾಗಾಗಿ ದುಬಾರಿ ಬಾಡಿಗೆ ಮನೆಯಲ್ಲಿದ್ದು ದುಡಿಮೆ ಇಲ್ಲದ ದೊಡ್ಡ ಕುಟುಂಬಕ್ಕೆ ಮೂರನೇ ಮಗುವಿನ ಹಣ ಒಂದು ಕಡೆ ಮಂಜೂರಾಗಿ, ಇನ್ನೊಂದು ಕಡೆ ಈ ಕಟ್ಟಿಗೆ ಸಿಕ್ಕಿ ಕಡಿತವಾಗಬಹುದು.

ಕೆಲಸದ ವೀಸಾದಲ್ಲಿರುವ ಭಾರತೀಯ ಕುಟುಂಬಕ್ಕೆ ಈ ಮೂರರಲ್ಲಿ ಯಾವುದೂ ಇಲ್ಲ. ಅವರ ವೀಸಾದ ಷರತ್ತೇ ‘ಸಾರ್ವಜನಿಕ ನಿಧಿಗೆ ಕೈಚಾಚುವಂತಿಲ್ಲ’ ಎಂದು. ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಎಂಬ ರಾಷ್ಟ್ರೀಯ ವಿಮೆಯ ಕಂತು ಕಟ್ಟಬೇಕು. ಅದರ ಮೇಲೆ ಸಾಮಾನ್ಯವಾಗಿ ಆರೋಗ್ಯ ಸೇವೆಗೆಂದು ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಮುಂಗಡವಾಗಿ ಕಟ್ಟಬೇಕು. ಸರ್ಕಾರಿ ಶಾಲೆ ಮಾತ್ರ ಎಲ್ಲ ಮಕ್ಕಳಿಗೂ ತೆರೆದಿದೆ.

1946ರ ಮಂಗಳವಾರ: ಮೊದಲ ಮಗುವಿಗಿಲ್ಲ, ಎರಡನೆಯದಕ್ಕೆ ಐದು ಶಿಲಿಂಗ್

ಯುದ್ಧದ ನಡುವೆ, 1942ರ ಡಿಸೆಂಬರ್‌ನಲ್ಲಿ, ವಿಲಿಯಂ ಬೆವರಿಜ್ ಸಲ್ಲಿಸಿದ ವರದಿ ಬ್ರಿಟನ್ನಿನ ಕಲ್ಯಾಣ ವ್ಯವಸ್ಥೆಗೆ ತಳಪಾಯ. ಅದರಲ್ಲಿ ಮಕ್ಕಳ ಭತ್ಯೆಯ ಸಲಹೆ ಬಡತನ ನಿವಾರಣೆಗೆ ಮಾತ್ರ ಸೀಮಿತವಾಗಿರಲಿಲ್ಲ. ಜನನ ಪ್ರಮಾಣ ಕುಸಿಯುತ್ತಿದೆ ಎಂಬ ಭಯ ಆಗ ದೇಶವನ್ನೆಲ್ಲ ಕಾಡುತ್ತಿತ್ತು. ಬ್ರಿಟಿಷ್ ಜನಾಂಗವೂ ಬ್ರಿಟಿಷ್ ಆದರ್ಶಗಳೂ ಜಗತ್ತಿನಲ್ಲಿ ಮುಂದುವರಿಯಬೇಕಾದರೆ ಮುಂದಿನ ಮೂವತ್ತು ವರ್ಷ ಗೃಹಿಣಿಯರು ತಾಯಂದಿರಾಗಿ ಮಾಡಬೇಕಾದ ಕೆಲಸ ಬಹಳ ಮುಖ್ಯ ಎಂಬ ಮಾತು ವರದಿಯಲ್ಲೇ ಇದೆ. ತೊಟ್ಟಿಲಿಗೂ ರಾಷ್ಟ್ರಕ್ಕೂ ಅಧಿಕೃತವಾಗಿ ಗಂಟು ಬಿದ್ದ ಜಾಗ ಇದು.

1945ರ ಕುಟುಂಬ ಭತ್ಯೆ ಕಾಯ್ದೆಯ ಪ್ರಕಾರ ಮೊದಲ ಮಗುವಿಗೆ ಏನೂ ಇಲ್ಲ. ಎರಡನೆಯದರಿಂದ ಮುಂದಕ್ಕೆ ಪ್ರತಿ ಮಗುವಿಗೆ ವಾರಕ್ಕೆ ಐದು ಶಿಲಿಂಗ್. ಬೆವರಿಜ್ ಕೇಳಿದ್ದು ಎಂಟು, ಖಜಾನೆ ಒಪ್ಪಿದ್ದು ಐದು. ದುಡಿಯುವ ಗಂಡಸಿನ ಸಂಬಳದಲ್ಲಿ ಹೆಂಡತಿಯೂ ಒಂದು ಮಗುವೂ ಬದುಕಬಹುದು, ಅದಕ್ಕಿಂತ ಹೆಚ್ಚಿನ ಮಕ್ಕಳ ಭಾರಕ್ಕೆ ಸರ್ಕಾರ ಹೆಗಲು ಕೊಡಬೇಕು ಎಂಬುದು ಲೆಕ್ಕ. 2017ರ ನಿಯಮ ಇದನ್ನು ತಲೆಕೆಳಗು ಮಾಡಿತು: ಮೊದಲ ಎರಡಕ್ಕೆ ಉಂಟು, ಮೂರನೆಯದಕ್ಕೆ ಇಲ್ಲ. ಅಂದು ಹೆಚ್ಚು ಮಕ್ಕಳ ಮನೆ ದೇಶದ ಬಲ, 2017ರಲ್ಲಿ ಅದೇ ಮನೆ ತೆರಿಗೆದಾರನ ಹೊರೆ.

ಹಣ ಯಾರ ಕೈಗೆ ಎಂಬುದೂ ದೊಡ್ಡ ಜಗಳವಾಯಿತು. ಮಸೂದೆಯಲ್ಲಿ ಮೊದಲು ತಂದೆಯ ಹೆಸರಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಇದಕ್ಕಾಗಿ ಹೋರಾಡಿದ್ದ ಸಂಸದೆ ಎಲಿನಾರ್ ರಾಥ್‌ಬೋನ್, ಹಣ ತಾಯಿಗೇ ಸೇರಬೇಕೆಂದು ಪಟ್ಟುಹಿಡಿದು ಗೆದ್ದರು. 1946ರ ಆಗಸ್ಟ್ 6, ಮಂಗಳವಾರ, ಮೊದಲ ಪಾವತಿ. ಅಂಚೆ ಕಚೇರಿಯ ಕಿಟಕಿಗೆ ತಾಯಿ ಭತ್ಯೆ ಪುಸ್ತಕ ಚಾಚಬೇಕು, ಗುಮಾಸ್ತರು ಆ ವಾರದ ಚೀಟಿ ಹರಿದುಕೊಂಡು ಠಸ್ಸೆ ಹೊಡೆದು ನಾಣ್ಯ ಎಣಿಸಿಕೊಡಬೇಕು. ಎಷ್ಟೋ ಹೆಂಗಸರಿಗೆ ಗಂಡನನ್ನು ಕೇಳದೆ ಕೈಗೆ ಬಂದ ಹಣ ಅದೊಂದೇ. ರಾಥ್‌ಬೋನ್ ಅದನ್ನು ನೋಡಲಿಲ್ಲ, ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

ಇದೇ ರಾಥ್‌ಬೋನ್ 1929ರಲ್ಲಿ ಭಾರತದ ಹೆಂಗಸರ ಸ್ಥಿತಿಯ ಬಗ್ಗೆ ಲಂಡನ್ನಿನಲ್ಲಿ ಸಭೆ ಕರೆದಿದ್ದರು. ನಮ್ಮ ಪರವಾಗಿ ಮಾತಾಡುವ ಹಕ್ಕು ನಿಮಗೆಲ್ಲಿಂದ ಬಂತು ಎಂದು ಅಲ್ಲಿ ಎದ್ದುನಿಂತು ಆಕ್ಷೇಪಿಸಿದವರು ಹುಬ್ಬಳ್ಳಿಯಲ್ಲಿ ಬೆಳೆದ ಧನವಂತಿ ರಾಮರಾವ್. ಮುಂದೆ ಭಾರತದ ಕುಟುಂಬ ಯೋಜನಾ ಸಂಘ ಕಟ್ಟಿದವರೂ ಇವರೇ. ಬ್ರಿಟಿಷ್ ತಾಯಿಯ ಹಕ್ಕಿಗಾಗಿ ಅಷ್ಟು ಗಟ್ಟಿಯಾಗಿ ನಿಂತವರಿಗೂ ಸಾಮ್ರಾಜ್ಯದ ಇನ್ನೊಂದು ತುದಿಯ ತಾಯಿ ಸಮಾನಳಾಗಿ ಕಾಣಿಸಿರಲಿಲ್ಲ ಎಂಬುದಕ್ಕೆ ಆ ಸಭೆ ಸಾಕ್ಷಿ.

ಹೆಂಡತಿ ಮನೆಗೆ, ದುಡಿಮೆಗೆ ಹೊರಗಿನವರು

ಯುದ್ಧಕಾಲದಲ್ಲಿ ಕಾರ್ಖಾನೆಗೆ ಹೋಗಿದ್ದ ತಾಯಂದಿರಿಗಾಗಿ ತೆರೆದಿದ್ದ ಶಿಶುವಿಹಾರಗಳು ಒಂದೊಂದಾಗಿ ಮುಚ್ಚಿದವು. 1948ರ ಜುಲೈ 5ರಂದು ಜಾರಿಯಾದ ರಾಷ್ಟ್ರೀಯ ವಿಮೆಯಲ್ಲಿ ಮದುವೆಯಾದ ಹೆಂಗಸು ಕೆಲಸಕ್ಕೆ ಹೋದರೂ ಕಡಿಮೆ ಕಂತು ಕಟ್ಟುವ ಅವಕಾಶವಿತ್ತು. ಅದನ್ನು ಆರಿಸಿಕೊಂಡವರೇ ಹೆಚ್ಚು. ಕೈಗೆ ನಾಲ್ಕು ಕಾಸು ಹೆಚ್ಚು ಬಂತು, ಬದಲಿಗೆ ಸ್ವಂತ ಪಿಂಚಣಿಯ ಹಕ್ಕು ಹೋಯಿತು. ಆ ಹೆಂಗಸರ ಮುಪ್ಪಿನ ಬಡತನಕ್ಕೆ ಇದೂ ಒಂದು ಕಾರಣ.

ಗಂಡ ದುಡಿಯುವವನು, ಹೆಂಡತಿ ಮನೆ ನೋಡುವವಳು, ಜೊತೆಗೆ ಮಕ್ಕಳು. ಕಾನೂನಿನ ಕಣ್ಣಲ್ಲಿ ಕುಟುಂಬವೆಂದರೆ ಇಷ್ಟೇ. ಅಜ್ಜಿ, ಅತ್ತೆ, ಚಿಕ್ಕಪ್ಪ ಈ ಚಿತ್ರದಲ್ಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಂಗಸರನ್ನು ಮನೆಗೆ ಕಳಿಸಿದ ದೇಶಕ್ಕೆ ದುಡಿಯುವ ಕೈ ಕಡಿಮೆಬಿತ್ತು. ಆಸ್ಪತ್ರೆಗೆ ದಾದಿಯರು ಬೇಕು, ಬಸ್ಸಿಗೆ ಕಂಡಕ್ಟರು ಬೇಕು, ನೂಲಿನ ಗಿರಣಿಗೆ ರಾತ್ರಿ ಪಾಳಿಯವರು ಬೇಕು. 1949ರಲ್ಲಿ ವರದಿ ಕೊಟ್ಟ ಜನಸಂಖ್ಯಾ ಆಯೋಗ ವಲಸೆಯನ್ನು ಒಪ್ಪಿಕೊಂಡಿತು, ಆದರೆ ಷರತ್ತು ಹಾಕಿ: ಬರುವವರು ಒಳ್ಳೆಯ ತಳಿಯವರಾಗಿರಬೇಕು, ಸ್ಥಳೀಯರೊಂದಿಗೆ ಮದುವೆಯಾಗಿ ಬೆರೆತುಹೋಗಲು ಧರ್ಮವಾಗಲಿ ಜನಾಂಗವಾಗಲಿ ಅಡ್ಡಿಯಾಗಬಾರದು. ಒಳಗೆ ಬರುವ ಅರ್ಹತೆಗೆ ಮದುವೆಯೇ ಒರೆಗಲ್ಲಾಯಿತು.

ಪ್ರಜೆ ಯಾರು ಎಂಬುದಕ್ಕೆ ಅಜ್ಜನ ಸಾಕ್ಷಿ

1948ರ ಬೇಸಿಗೆಯ ನಲವತ್ತು ದಿನಗಳೊಳಗೆ ಮೂರು ಸಂಗತಿ ನಡೆದವು. ಜೂನ್ 22ರಂದು ಕೆರಿಬಿಯನ್ನಿನಿಂದ ಬಂದ ಎಂಪೈರ್ ವಿಂಡ್‌ರಷ್ ಹಡಗಿನವರು ಟಿಲ್ಬರಿಯಲ್ಲಿ ಇಳಿದರು. ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಜುಲೈ 30ರಂದು ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಗೆ ಅಂಕಿತ ಬಿತ್ತು.

ಆ ಕಾಯ್ದೆ ಕಾಗದದ ಮೇಲೆ ಬಹಳ ಉದಾರ. ಬ್ರಿಟನ್ನಿನವರೂ ವಸಾಹತಿನವರೂ ಒಂದೇ ಪೌರತ್ವದವರು, ಭಾರತದಂಥ ಸ್ವತಂತ್ರ ಕಾಮನ್‌ವೆಲ್ತ್ ದೇಶದವರೂ ಬಂದು ನೆಲೆಸಬಹುದು. ಆದರೆ ಪೌರತ್ವ ಹರಿಯುತ್ತಿದ್ದದ್ದು ತಂದೆಯ ಕಡೆಯಿಂದ. ಬ್ರಿಟಿಷ್ ಹೆಣ್ಣುಮಗಳು ಪರದೇಶದವನನ್ನು ಮದುವೆಯಾಗಿ ಹೊರದೇಶದಲ್ಲಿ ಹೆತ್ತರೆ ಮಗು ಬ್ರಿಟಿಷ್ ಅಲ್ಲ. 1983ರವರೆಗೆ ಇದೇ ನಡೆಯಿತು.

ಬಾಗಿಲು ಮುಚ್ಚತೊಡಗಿದ್ದು 1962ರಲ್ಲಿ. ಕಾಮನ್‌ವೆಲ್ತ್‌ನಿಂದ ಬರುವವರಿಗೆ ಕಾರ್ಮಿಕ ಇಲಾಖೆಯ ವೋಚರ್, ಅಂದರೆ ಕೆಲಸದ ಪರವಾನಗಿ ಚೀಟಿ, ಕಡ್ಡಾಯವಾಯಿತು. ಇದರ ಫಲ ಉದ್ದೇಶಕ್ಕೆ ತೀರಾ ವಿರುದ್ಧವಾಗಿ ಬಂತು. ಅಲ್ಲಿಯವರೆಗೆ ಪಂಜಾಬ್, ಮೀರ್‌ಪುರ, ಸಿಲ್ಹೆಟ್‌ನ ಎಷ್ಟೋ ಗಂಡಸರು ನಾಲ್ಕಾರು ವರ್ಷ ದುಡಿದು ಊರಿಗೆ ಮರಳುತ್ತಿದ್ದರು, ಬದಲಿಗೆ ತಮ್ಮನೋ ಮಗನೋ ಹೋಗುತ್ತಿದ್ದ. ಒಮ್ಮೆ ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದಾದಾಗ ಅವರು ಮರಳುವುದನ್ನೇ ಬಿಟ್ಟರು. ಹೆಂಡತಿಯೂ ಹದಿನಾರರೊಳಗಿನ ಮಕ್ಕಳೂ ಬರಲು ಕಾಯ್ದೆಯಲ್ಲಿ ಅವಕಾಶ ಉಳಿದಿದ್ದರಿಂದ ಅವರನ್ನೇ ಕರೆಸಿಕೊಂಡರು. ಬ್ರಾಡ್‌ಫರ್ಡ್, ಸೌತಾಲ್‌ನಂಥ ಕಡೆ ಗಂಡಸರು ಒತ್ತೊತ್ತಾಗಿ ಇದ್ದ ಬಾಡಿಗೆ ಮನೆಗಳು ಸಂಸಾರದ ಮನೆಗಳಾದವು. ವಲಸೆ ತಗ್ಗಿಸಲು ಬಂದ ಕಾಯ್ದೆ ವಲಸಿಗರನ್ನು ಅಲ್ಲಿಯ ನಿವಾಸಿಗಳನ್ನಾಗಿ ಮಾಡಿತು.

1968ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಸ್ವಾತಂತ್ರ್ಯಾನಂತರ ಕೀನ್ಯಾದಲ್ಲಿ ಉಳಿದ ಭಾರತೀಯ ಮೂಲದವರಲ್ಲಿ ಹಲವರ ಕೈಯಲ್ಲಿ ಬ್ರಿಟಿಷ್ ಹೈಕಮಿಷನ್ ಕೊಟ್ಟ ಪಾಸ್‌ಪೋರ್ಟ್ ಇತ್ತು. ಲಂಡನ್ ಸರ್ಕಾರದ ಹೆಸರಿನಲ್ಲಿ ಕೊಟ್ಟದ್ದಾದ್ದರಿಂದ 1962ರ ತಡೆ ಅದಕ್ಕೆ ತಾಗುತ್ತಿರಲಿಲ್ಲ. ಅವರು ಬರತೊಡಗಿದಾಗ ಕೆಲವೇ ದಿನಗಳಲ್ಲಿ ಸಂಸತ್ತು ಹೊಸ ಕಾಯ್ದೆ ಮುಗಿಸಿತು: ಪಾಸ್‌ಪೋರ್ಟ್ ಸಾಲದು, ತಂದೆತಾಯಿ ಇಲ್ಲವೇ ಅಜ್ಜ-ಅಜ್ಜಿಯಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಅಥವಾ ಅಲ್ಲೇ ಪೌರತ್ವ ಪಡೆದಿರಬೇಕು. ಎಲ್ಲೂ ಬಣ್ಣದ ಹೆಸರಿಲ್ಲ. ಆದರೆ ಆಸ್ಟ್ರೇಲಿಯಾ, ಕೆನಡಾಗಳ ಬಿಳಿಯರಲ್ಲಿ ಬಹಳ ಮಂದಿಗೆ ಅಂಥ ಅಜ್ಜ ಇದ್ದ, ನೈರೋಬಿಯ ಗುಜರಾತಿ ಅಂಗಡಿಯವನಿಗೆ ಇರಲಿಲ್ಲ. 1971ರ ಕಾಯ್ದೆ ಈ ಅಜ್ಜನ ಲೆಕ್ಕವನ್ನೇ ವಾಸದ ಹಕ್ಕಿಗೆ ಆಧಾರ ಮಾಡಿತು. ಅದು ಜಾರಿಗೆ ಬಂದದ್ದು 1973ರ ಜನವರಿ 1ರಂದು, ಬ್ರಿಟನ್ ಯುರೋಪಿನ ಒಕ್ಕೂಟ ಸೇರಿ ಅಲ್ಲಿಯ ಕೆಲಸಗಾರರಿಗೆ ಬಾಗಿಲು ತೆರೆದ ದಿನವೇ.

ಕೆಜಿಎಫ್, ವೈಟ್‌ಫೀಲ್ಡ್‌ಗೆ ಇದರ ನಂಟು

ಆ ಅಜ್ಜ ಇನ್ನೂ ಕಾನೂನಿನಲ್ಲಿ ಬದುಕಿದ್ದಾನೆ. ಬ್ರಿಟನ್ನಿನಲ್ಲಿ ಹುಟ್ಟಿದ ಅಜ್ಜ ಅಥವಾ ಅಜ್ಜಿಯಿದ್ದು, 17 ವರ್ಷ ತುಂಬಿದ, ದುಡಿಯುವ ಇರಾದೆಯಿರುವ ಕಾಮನ್‌ವೆಲ್ತ್ ಪ್ರಜೆಗೆ ಐದು ವರ್ಷದ ಪೂರ್ವಜರ ವೀಸಾ ಸಿಗುತ್ತದೆ. ಕಂಪನಿಯ ಪ್ರಾಯೋಜಕತ್ವ ಬೇಡ, ಸಂಬಳದ ಮಿತಿಯೂ ಇಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಬಂದಿಳಿದಿದ್ದ ಕೋಲಾರದ ಚಿನ್ನದ ಗಣಿಯಲ್ಲೂ, 1882ರಲ್ಲಿ ಆಂಗ್ಲೋ-ಇಂಡಿಯನ್ ನೆಲೆಯಾಗಿ ಶುರುವಾದ ವೈಟ್‌ಫೀಲ್ಡ್‌ನಲ್ಲೂ ಬೇರುಳ್ಳ ಕುಟುಂಬಗಳಿಗೆ ಇದು ಬರೀ ಇತಿಹಾಸವಲ್ಲ. ತೊಡಕಾಗುವುದು ಒಂದು ತಲೆಮಾರಿನ ಅಂತರದಲ್ಲಿ. ಮುತ್ತಜ್ಜ ಕಾರ್ನ್‌ವಾಲ್‌ನವನು, ಅಜ್ಜ ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಎಂದಾದರೆ ಅರ್ಜಿ ಅಲ್ಲಿಗೇ ಬಿತ್ತು. ಅಜ್ಜ ಅಲ್ಲೇ ಹುಟ್ಟಿದ್ದರೂ ಮೂರು ತಲೆಮಾರಿನ ಜನನಪತ್ರ ಬೇಕು, ಹೆಸರು ಬದಲಾದಲ್ಲೆಲ್ಲ ಮದುವೆಯ ದಾಖಲೆ ಬೇಕು. ಅಂದಹಾಗೆ, ನಮ್ಮ ಸಂವಿಧಾನದ 366(2)ನೇ ವಿಧಿ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವಾಗಲೂ ನೋಡುವುದು ಗಂಡುಪೀಳಿಗೆಯನ್ನೇ.

ಸಂಬಂಧಕ್ಕೆ ಸಾಕ್ಷಿ ಕೊಡಿ

ಹೆಂಡತಿ ಮಕ್ಕಳು ಬರಬಹುದು ಎಂದು ಉಳಿಸಿಕೊಂಡ ಅವಕಾಶವೇ ಮುಂದೆ ಅನುಮಾನದ ಜಾಗವಾಯಿತು. ಉಪಖಂಡದ ವೀಸಾ ಕಚೇರಿಗಳಲ್ಲಿ ತಾಯಿಯನ್ನೂ ಮಕ್ಕಳನ್ನೂ ಬೇರೆಬೇರೆ ಕೂರಿಸಿ ಮನೆ, ನೆಂಟರಿಷ್ಟರ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಾಳೆಯಾಗದಿದ್ದರೆ ಸಂಬಂಧವೇ ಸುಳ್ಳೆಂದು ಅರ್ಜಿ ತಿರಸ್ಕಾರ. 1979ರ ಜನವರಿಯಲ್ಲಿ, ಮದುವೆಯಾಗಲೆಂದು ಬಂದ ಭಾರತದ ಶಿಕ್ಷಕಿಯೊಬ್ಬರನ್ನು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಭಾರತದ ಮದುವೆಯಾಗದ ಹೆಣ್ಣು ಹೀಗೆಯೇ ಇರಬೇಕು ಎಂಬ ತಮ್ಮ ಊಹೆಯನ್ನು ಅಧಿಕಾರಿಗಳು ಒಬ್ಬ ಹೆಂಗಸಿನ ಮೈಮೇಲೆ ಪರೀಕ್ಷಿಸಿದರು. ಸುದ್ದಿ ಹೊರಬಿದ್ದ ಮೇಲೆ ಅದು ನಿಂತಿತು.

ಡಿಎನ್ಎ ಬೆರಳಚ್ಚನ್ನು ಜಗತ್ತಿನಲ್ಲಿ ಮೊದಲು ಬಳಸಿದ್ದು ಕೊಲೆ ಪ್ರಕರಣದಲ್ಲಲ್ಲ. 1985ರಲ್ಲಿ, ಘಾನಾದಿಂದ ಬ್ರಿಟನ್ನಿಗೆ ಮರಳಿದ ಹುಡುಗನೊಬ್ಬ ತನ್ನ ತಾಯಿಯ ಮಗನೇ ಹೌದೆಂದು ಗೃಹ ಇಲಾಖೆಗೆ ತೋರಿಸಲು ವಿಜ್ಞಾನಿ ಅಲೆಕ್ ಜೆಫ್ರಿಸ್ ಆ ಪರೀಕ್ಷೆ ಮಾಡಿದರು. ಹುಡುಗ ಮಗನೇ ಆಗಿದ್ದ.

ಅದೇ ವರ್ಷ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಗಂಡಸರು ಹೆಂಡತಿಯನ್ನು ಕರೆಸಿಕೊಂಡಷ್ಟು ಸುಲಭವಾಗಿ ಹೆಂಗಸರು ಗಂಡನನ್ನು ಕರೆಸಿಕೊಳ್ಳಲಾಗದಿರುವುದು ತಾರತಮ್ಯ ಎಂದಿತು. ಸರ್ಕಾರ ಸಮಾನತೆ ತಂದದ್ದು ಹೆಂಗಸರ ದಾರಿ ಸಲೀಸು ಮಾಡಿ ಅಲ್ಲ, ಗಂಡಸರ ದಾರಿಯನ್ನೂ ಅಷ್ಟೇ ಕಠಿಣ ಮಾಡಿ.

ಹಕ್ಕಿದ್ದೂ ಕಾಗದವಿಲ್ಲದವರ ಗತಿ 2018ರಲ್ಲಿ ಬಯಲಾಯಿತು. 1973ಕ್ಕೆ ಮೊದಲು ತಂದೆತಾಯಿಯ ಜೊತೆ ಮಕ್ಕಳಾಗಿ ಬಂದವರಿಗೆ ಕಾನೂನಿನ ಪ್ರಕಾರ ಕಾಯಂ ವಾಸದ ಹಕ್ಕಿತ್ತು, ಆದರೆ ಯಾರೂ ಪತ್ರ ಕೊಟ್ಟಿರಲಿಲ್ಲ. ಅವರು ಇಳಿದ ದಿನದ ದಾಖಲೆ ಚೀಟಿಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶಪಡಿಸಿತ್ತು. ನಲವತ್ತು ಐವತ್ತು ವರ್ಷ ಬಾಳಿದವರು ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಇವತ್ತಿನ ತಕ್ಕಡಿ: 29,000 ಪೌಂಡ್

ಈಗ ಅಜ್ಜನ ಜಾಗದಲ್ಲಿ ಸಂಬಳ ಕೂತಿದೆ. ಬ್ರಿಟಿಷ್ ಪ್ರಜೆ ಹಾಸನದ ಹುಡುಗಿಯನ್ನೋ ಹುಡುಗನನ್ನೋ ಮದುವೆಯಾಗಿ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 29,000 ಪೌಂಡ್ ದುಡಿಯಬೇಕು. 2012ರಲ್ಲಿ 18,600 ಇದ್ದದ್ದು 2024ರ ಏಪ್ರಿಲ್‌ನಲ್ಲಿ ಇಲ್ಲಿಗೇರಿತು. ಬೆಂಗಳೂರಿನಲ್ಲಿ ಕೂತ ಸಂಗಾತಿಯ ಸಂಬಳ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಬರೀ ಉಳಿತಾಯದ ಮೇಲೆ ಕರೆಸುವುದಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿ ಕದಲದೆ ಇರಬೇಕು. ಅರ್ಜಿ ಬೀಳುವುದು ಸಾಮಾನ್ಯವಾಗಿ ಸಣ್ಣ ಕಡೆ: ಆರು ತಿಂಗಳ ಸಂಬಳ ಚೀಟಿಯ ಮೊತ್ತಕ್ಕೂ ಬ್ಯಾಂಕಿಗೆ ಬಿದ್ದ ಮೊತ್ತಕ್ಕೂ ತಾಳೆಯಾಗದೆ, ನಡುವೆ ಕೆಲಸ ಬದಲಿಸಿ, ಅಥವಾ ದಾಖಲೆ 28 ದಿನಕ್ಕಿಂತ ಹಳೆಯದಾಗಿ.

ತಂದೆತಾಯಿಯ ವಿಷಯ ಇನ್ನೂ ಗಟ್ಟಿ. 2012ರ ನಿಯಮದಂತೆ ಸ್ನಾನ, ಬಟ್ಟೆ, ಅಡುಗೆಯಂಥ ನಿತ್ಯದ ಕೆಲಸಕ್ಕೂ ಇನ್ನೊಬ್ಬರು ಬೇಕಾಗಿರಬೇಕು, ಆ ಆರೈಕೆ ಊರಿನಲ್ಲಿ ದುಡ್ಡು ಕೊಟ್ಟರೂ ಸಿಗದಂತಿರಬೇಕು. ಮಗ ಅನುಕೂಲಸ್ಥನಾದರೆ ಮೈಸೂರಿನಲ್ಲೇ ಆಳಿಟ್ಟು ನೋಡಿಕೊಳ್ಳಬಹುದು ಎನ್ನುತ್ತಾರೆ, ಅಲ್ಲದಿದ್ದರೆ ಇಲ್ಲಿ ಸಾಕುವ ಶಕ್ತಿ ನಿನಗಿಲ್ಲ ಎನ್ನುತ್ತಾರೆ. ಆರು ತಿಂಗಳ ಭೇಟಿಗೆ ಬಂದುಹೋಗಬಹುದು ಅಷ್ಟೇ. 1940ರ ದಶಕದ ಗಂಡ-ಹೆಂಡತಿ-ಮಕ್ಕಳ ಚಿತ್ರ ಇಲ್ಲಿ ಹಾಗೇ ಉಳಿದಿದೆ. ವಂಶ ತೋರಿಸಲು ಸತ್ತ ಅಜ್ಜನ ಹುಟ್ಟಿದೂರು ಸಾಕು, ಮೊಮ್ಮಕ್ಕಳ ಜೊತೆ ಬಾಳಲು ಬದುಕಿರುವ ಅಜ್ಜಿಗೆ ಜಾಗವಿಲ್ಲ.

ಯಾರ ವಾದ ಏನು

ಎರಡು ಮಕ್ಕಳ ಮಿತಿಯ ಪರ ಇದ್ದವರ ಮಾತು ಇದು: ದುಡಿದು ತಿನ್ನುವವರು ಇನ್ನೊಂದು ಮಗು ಬೇಕೇ ಎಂದು ಜೇಬು ನೋಡಿಕೊಳ್ಳುತ್ತಾರೆ, ನೆರವು ಪಡೆಯುವವರೂ ನೋಡಿಕೊಳ್ಳಲಿ. ವಿರೋಧಿಗಳು ಹೇಳುವುದು, ಶಿಕ್ಷೆ ಅನುಭವಿಸಿದ್ದು ಮಕ್ಕಳು, ಮಿತಿಗೆ ಸಿಕ್ಕ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದುಡಿಯುವವರದ್ದೇ. ಎರಡನೆಯ ವಾದವೇ ತೂಕದ್ದು. ಕೆಲಸ ಹೋಗುವುದು, ಗಂಡ ಬಿಟ್ಟುಹೋಗುವುದು ಮೂರನೇ ಮಗು ಹುಟ್ಟುವಾಗ ಗೊತ್ತಿರುವುದಿಲ್ಲ. ಮಿತಿ ತೆಗೆದರೆ 2029–30ರ ಹೊತ್ತಿಗೆ 4.5 ಲಕ್ಷ ಮಕ್ಕಳು ಬಡತನದಿಂದ ಹೊರಬರುತ್ತಾರೆ ಎಂದು ಸರ್ಕಾರದ ಅಂದಾಜು.

ಕಾಯಂ ವಾಸದ ವಿಷಯದಲ್ಲಿ ಸರ್ಕಾರ ಸಂಖ್ಯೆ ತೋರಿಸುತ್ತದೆ. 2023ರ ಹೊತ್ತಿಗೆ ವರ್ಷದ ನಿವ್ವಳ ವಲಸೆ 9 ಲಕ್ಷ ಮೀರಿತ್ತು, ಆಗ ಬಂದವರು ಸೇರಿ 2026ರಿಂದ 2030ರೊಳಗೆ 16 ಲಕ್ಷ ಮಂದಿ ಕಾಯಂ ಆಗುವ ಅಂದಾಜಿದೆ. ನೆಲೆಸುವುದು ಗಳಿಸಿಕೊಳ್ಳಬೇಕಾದದ್ದು, ತಾನಾಗಿ ಬರುವುದಲ್ಲ ಎಂಬುದು ಅವರ ನಿಲುವು. ವಿರೋಧಿಗಳ ಮುಖ್ಯ ತಕರಾರು, ಐದು ವರ್ಷ ಎಂದು ನಂಬಿ ಬಂದವರಿಗೂ ಹೊಸ ನಿಯಮ ಹೇರಬಾರದು ಎಂಬುದು. 1962 ಕಲಿಸಿದ್ದನ್ನು ನೆನೆದರೆ ಈ ತಕರಾರಿಗೆ ಬಲವಿದೆ: ನಿಯಮ ನಡುವೆ ಬದಲಾದಾಗ ಜನ ಸರ್ಕಾರ ಎಣಿಸಿದಂತೆ ನಡೆಯುವುದಿಲ್ಲ.

ವೀಸಾದಲ್ಲಿರುವ ಮನೆಗೆ ಇದರಿಂದ ಆಗುವುದೇನು

ಪ್ರಸ್ತಾಪದ ಪ್ರಕಾರ ವರ್ಷಕ್ಕೆ 50,270 ಪೌಂಡ್ ಮೀರಿ ದುಡಿಯುವವರಿಗೆ ಐದು ವರ್ಷ ಕಡಿತ, 1,25,140 ಮೀರಿದವರಿಗೆ ಏಳು ವರ್ಷ. ಪದವಿ ಮಟ್ಟಕ್ಕಿಂತ ಕೆಳಗಿನದೆಂದು ಎಣಿಸುವ ಆರೈಕೆಯಂಥ ಕೆಲಸದವರು ಹದಿನೈದು ವರ್ಷ ಕಾಯಬೇಕು. ನುರಿತ ಕೆಲಸದ ವೀಸಾಕ್ಕೆ ಸಾಮಾನ್ಯ ಮಿತಿ 41,700 ಪೌಂಡ್. ಹಾಗಾಗಿ 41,700ರಿಂದ 50,270ರ ನಡುವಿನ ಸಂಬಳದವರಲ್ಲಿ ಬೇರೆ ರಿಯಾಯಿತಿ ಸಿಗದವರು ಹತ್ತು ವರ್ಷದ ಸಾಲಿಗೆ ಬೀಳುತ್ತಾರೆ. ಗಂಡ-ಹೆಂಡತಿಯ ಅವಧಿಯನ್ನು ಬೇರೆಬೇರೆಯಾಗಿ ಎಣಿಸುವ ಮಾತೂ ಇದೆ. ಒಬ್ಬರು ಕಾಯಂ ಆಗಿ ಇನ್ನೊಬ್ಬರು ವೀಸಾದಲ್ಲೇ ಉಳಿಯುವ ಮನೆಗಳು ಬರಬಹುದು. ಬ್ರಿಟಿಷ್ ಪ್ರಜೆಯ ಸಂಗಾತಿಗೆ ಮಾತ್ರ ಐದು ವರ್ಷವೇ ಮುಂದುವರಿಯುತ್ತದೆ. ಕಾಯಂ ವಾಸ ಸಿಕ್ಕರೂ ಪೌರತ್ವ ಬರುವತನಕ ಭತ್ಯೆ ಬೇಡ ಎಂಬ ಯೋಚನೆಯೂ ಇದೇ ಪ್ರಸ್ತಾಪದಲ್ಲಿದೆ. ಎಂಬತ್ತು ವರ್ಷ ಬೇರೆಬೇರೆ ಇದ್ದ ಎರಡು ಲೆಕ್ಕಪುಸ್ತಕಗಳು ಅಲ್ಲಿ ಒಂದಾಗುತ್ತವೆ.

ಹೆಚ್ಚು ಪೆಟ್ಟು ಬೀಳುವುದು ಅಲ್ಲಿ ಹುಟ್ಟಿದ ಮಕ್ಕಳಿಗೆ. 1983ರಿಂದ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವವಿಲ್ಲ, ತಂದೆ ಅಥವಾ ತಾಯಿ ಬ್ರಿಟಿಷ್ ಆಗಿರಬೇಕು ಇಲ್ಲವೇ ಕಾಯಂ ವಾಸಿಯಾಗಿರಬೇಕು. ವೀಸಾದಲ್ಲಿರುವ ದಂಪತಿಯ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಹೈಕಮಿಷನ್ನಿನಲ್ಲಿ ನೋಂದಾಯಿಸಬೇಕು. ತಡವಾದರೆ ದೆಹಲಿಯ ಅನುಮತಿ ಬೇಕು. ತಂದೆತಾಯಿಯಲ್ಲಿ ಒಬ್ಬರು ಕಾಯಂ ಆದ ದಿನ ಮಗುವನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಬಹುದು. ಆ ದಿನ ಐದರಿಂದ ಹತ್ತಕ್ಕೆ ಹೋದರೆ ಮಗು ಪ್ರಾಥಮಿಕ ಶಾಲೆಯ ಬಹುಪಾಲನ್ನು ವೀಸಾದಲ್ಲೇ ಮುಗಿಸುತ್ತದೆ. ಇನ್ನೊಂದು ದಾರಿ ಇದೆ: ಹುಟ್ಟಿದಂದಿನಿಂದ ಮೊದಲ ಹತ್ತು ವರ್ಷ ಅಲ್ಲೇ ಬೆಳೆದ ಮಗು ತನ್ನ ಹಕ್ಕಿನಿಂದಲೇ ನೋಂದಾಯಿಸಿಕೊಳ್ಳಬಹುದು. ಆದರೆ ಆ ಹತ್ತರಲ್ಲಿ ಯಾವ ವರ್ಷವೂ 90 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದಿರಬಾರದು. ಮೀರಿದರೆ ಹಕ್ಕು ಹೋಗಿ ಅಧಿಕಾರಿಯ ವಿವೇಚನೆ ಉಳಿಯುತ್ತದೆ. ಹಾಗಾಗಿ ಅಜ್ಜಿ ಮನೆಗೆಂದು ಊರಿಗೆ ಕರೆತರುವ ಪ್ರತಿ ರಜೆಯ ವಿಮಾನ ಟಿಕೆಟ್ಟನ್ನೂ ಪಾಸ್‌ಪೋರ್ಟಿನ ಮುದ್ರೆಯನ್ನೂ ಮಗುವಿನ ಮೊದಲ ವರ್ಷದಿಂದಲೇ ಜೋಪಾನವಾಗಿ ಎತ್ತಿಡಬೇಕು.